ಕೈ ತೋರಿಸಿ ಒಳಗೆ ಬನ್ನಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ನನ್ನ ಹೆಂಡತಿ ಹೇಳುತ್ತಾಳೆ, ಜೊತೆಯಲ್ಲಿ ಕೆಲಸ ಮಾಡಿದವರು ಹೇಳುತ್ತಾರೆ, ನನ್ನ ಹತ್ತಿರ ಕಲಿತ ಮಕ್ಕಳು ಬೆನ್ನ ಹಿಂದೆ ಇನ್ನೂ ಏನೇನು ಹೇಳುತ್ತಿದ್ದರೋ ದೇವರಿಗೇ ಗೊತ್ತು. ಸಿಟ್ಟು ಬಂದರೂ ಮನಸ್ಸು ಒಳ್ಳೆಯದು ಎಂದು ನಮ್ಮ ಕಡೆ ಇಂಥವರ ಬಗ್ಗೆ ಸಮಾಧಾನಕ್ಕೆ ಒಂದು ಮಾತು ಸೇರಿಸುತ್ತಾರೆ. ನಾನೂ ಅದನ್ನು ಬಹಳ ವರ್ಷ ನಂಬಿಕೊಂಡು ಓಡಾಡಿದೆ. ಈಗ ನಂಬುವುದಿಲ್ಲ. ಯಾಕೆ ಎಂದು ಒಂದು ಸಲ ಬರೆದಿಡಬೇಕು ಅನ್ನಿಸಿದೆ.

ನಾನು ಮಡಕಶಿರದ ಪಕ್ಕದ ಹಳ್ಳಿಯವನು. ಕಡಲೆಕಾಯಿ, ರಾಗಿ, ಬಾವಿ ಕೆಳಗೆ ಒಂದಿಷ್ಟು ಹಿಪ್ಪುನೇರಳೆ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಒಂದು ಶಾಸ್ತ್ರ ಇರುತ್ತದೆ. ಹುಳುವಿನ ಕೋಣೆಗೆ ಕೈಕಾಲು ತೊಳೆಯದೆ ಯಾರೂ ಕಾಲಿಡುವ ಹಾಗಿಲ್ಲ. ನಮ್ಮಮ್ಮ ಬಾಗಿಲಲ್ಲೇ ನಿಂತು ಕೈ ನೋಡುತ್ತಿದ್ದಳು. ಬೀಡಿ ಸೇದುತ್ತಿದ್ದ ನಮ್ಮಪ್ಪನಿಗೆ ಆ ಕೋಣೆಗೆ ಪ್ರವೇಶವೇ ಇರಲಿಲ್ಲ, ಸೊಪ್ಪಿನ ಹೊರೆಯನ್ನು ಹೊಸಿಲ ಹತ್ತಿರ ಇಳಿಸಿ ಹೋಗಬೇಕಿತ್ತು. ನಾನು ಆಟದಿಂದ ಬಂದು ನುಗ್ಗಿದರೆ ಅವಳು ರಟ್ಟೆ ಹಿಡಿದು ನಿಲ್ಲಿಸುತ್ತಿದ್ದಳು.

"ಕೈ ತೋರ್ಸ್ಲಾ ಮೊದ್ಲು. ಹುಳ ನಿನ್ನಂಗಲ್ಲ ಕಣ್ಲಾ, ಅವಕ್ಕೆ ತಡ್ಕಣಾಕೆ ಆಗಾಕಿಲ್ಲ."

ಒಂದು ವರ್ಷ ಹೊಲಕ್ಕೆ ಔಷಧಿ ಹೊಡೆದು ಬಂದ ನೆಂಟರೊಬ್ಬರು ತಿಳಿಯದೆ ಒಳಗೆ ಹೋಗಿ ತಟ್ಟೆ ಮುಟ್ಟಿದರು. ಎರಡೇ ದಿನ, ಹುಳುಗಳೆಲ್ಲ ಕಪ್ಪಾಗಿ ಸುರುಟಿಕೊಂಡವು. ಅಮ್ಮ ತಟ್ಟೆಗಳನ್ನು ತಿಪ್ಪೆಗೆ ಸುರಿಯುತ್ತಾ ಅತ್ತಳು. ಮುಟ್ಟಬಾರದ ಕೈ ಮುಟ್ಟಿದರೆ ಮನೆಯೇ ಹಾಳಾಗುತ್ತದೆ ಎಂದು ಆ ವಯಸ್ಸಿನಲ್ಲಿ ನನ್ನ ತಲೆಗೆ ಹೊಕ್ಕಿತು. ತಲೆಗೆ ಹೊಕ್ಕದ್ದು ಅಷ್ಟು ಸುಲಭವಾಗಿ ಇಳಿಯಲಿಲ್ಲ.

ಗಣಿತದ ಮೇಷ್ಟ್ರಾಗಿ ನಾನು ಆಂಧ್ರಕ್ಕೆ ಸೇರಿದ ರಾಯದುರ್ಗದ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ಊರಿಗೆ ಊರೇ ಪ್ಯಾಂಟು ಹೊಲಿಯುತ್ತಿತ್ತು. ಬೆಟ್ಟದ ಕೆಳಗಿನ ಓಣಿಗಳಲ್ಲಿ ನಡೆದರೆ ಎರಡೂ ಕಡೆ ಮೆಷಿನ್ನಿನ ಸದ್ದು. ಕತ್ತರಿಸಿದ ಜೀನ್ಸ್ ಬಟ್ಟೆಯ ಗಂಟುಗಳು ಸೈಕಲ್ಲು, ಆಟೋ, ತಲೆ, ಎಲ್ಲದರ ಮೇಲೂ ಹೋಗುತ್ತಿದ್ದವು. ಉಳಿದ ಚೂರಿನಲ್ಲಿ ಪಾತ್ರೆ ಹಿಡಿಯುವ ಬಟ್ಟೆ, ಮಕ್ಕಳ ಶಾಲೆಯ ಚೀಲ, ಆಟೋ ಸೀಟಿನ ಕವರು. ಗುಮ್ಮಘಟ್ಟದ ಕಡೆಯಿಂದ, ಕಣೇಕಲ್ಲಿನ ಕಡೆಯಿಂದ ಬಂದ ಕುಟುಂಬಗಳು ಒಂದು ಕೋಣೆ ಬಾಡಿಗೆಗೆ ಹಿಡಿದು ಒಂದು ಮೆಷಿನ್ ಹಾಕಿಕೊಳ್ಳುತ್ತಿದ್ದವು. ಇಲ್ಲಿ ಕೈ ಕುದುರಿದ ಮೇಲೆ ಕೆಲವರು ಬಳ್ಳಾರಿಗೆ, ಕೆಲವರು ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿಗೆ ಹೋಗಿಬಿಡುತ್ತಿದ್ದರು. ವರ್ಷದ ನಡುವೆ ಹಾಜರಿ ಪುಸ್ತಕದಲ್ಲಿ ಹೆಸರಿಗೆ ಗೆರೆ ಎಳೆಯುವುದು ನಮಗೆ ಮಾಮೂಲಾಗಿತ್ತು.

ಹೊಲಿದ ಪ್ಯಾಂಟಿನಲ್ಲಿ ದಾರದ ತುದಿಗಳು ಉಳಿದಿರುತ್ತವೆ. ಅವನ್ನು ಕತ್ತರಿಸುವುದು ಮನೆಯ ಮಕ್ಕಳ ಕೆಲಸ. ಬೆಳಿಗ್ಗೆ ಶಾಲೆಗೆ ಬರುವ ಮುಂಚೆ ಎರಡು ಗಂಟೆ, ಸಂಜೆ ಹೋದ ಮೇಲೆ ಎರಡು ಗಂಟೆ. ತೊಳೆಯದ ಜೀನ್ಸ್ ಬಟ್ಟೆಯ ನೀಲಿ ಕೈಗೆ ಇಳಿಯುತ್ತದೆ, ಸೋಪಿಗೆ ಹೋಗುವುದಿಲ್ಲ. ನಮ್ಮ ಶಾಲೆಯ ಅರ್ಧಕ್ಕರ್ಧ ಮಕ್ಕಳ ಬೆರಳು ನೀಲಿ. ನಾನು ತಿದ್ದುವ ನೋಟ್ ಪುಸ್ತಕದ ಅಂಚುಗಳಲ್ಲೆಲ್ಲ ಬೆರಳಿನ ಗುರುತು ಇರುತ್ತಿತ್ತು. ಮೊದಲ ವಾರ ಇದೇನು ಇಂಕು ಚೆಲ್ಲಿಕೊಂಡಿದ್ದಾರೆ ಎಂದು ಬೈದಿದ್ದೆ. ಮಕ್ಕಳು ನಕ್ಕರು.

ಆಮೇಲೆ ಹನ್ನೊಂದು ಕಂಪ್ಯೂಟರುಗಳು ಲಾರಿಯಲ್ಲಿ ಬಂದವು. ಒಂದು ಬೇಸಿಗೆಯಲ್ಲಿ ಅನಂತಪುರದಲ್ಲಿ ಕೆಲವು ದಿನದ ತರಬೇತಿ ಮುಗಿಸಿದ್ದೆನೆಂಬ ಒಂದೇ ತಪ್ಪಿಗೆ ಆ ಕೋಣೆಯನ್ನು ನನ್ನ ತಲೆಗೆ ಕಟ್ಟಿದರು. ಸ್ಟಾಕ್ ರಿಜಿಸ್ಟರಿನಲ್ಲಿ ನನ್ನ ಸಹಿ, ಬೀಗದ ಕೈ ನನ್ನ ಜೇಬಿನಲ್ಲಿ. ಪಾಠದ ಪುಸ್ತಕ ಇಂಗ್ಲಿಷಿನದು, ಜೊತೆಗೆ ಬಂದ ಸಿ.ಡಿ.ಗಳು ತೆಲುಗಿನವು, ಮಕ್ಕಳು ಓದುವುದು ಕನ್ನಡ. ನಾನು ಹಿಂದಿನ ದಿನವೇ ಕೂತು ಕನ್ನಡದಲ್ಲಿ ಬರೆದುಕೊಂಡು ಹೋಗಿ ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಸುಳ್ಳು ಹೇಳಬಾರದು, ಆ ಕೆಲಸ ನನಗೆ ಬಹಳ ಇಷ್ಟವಾಯಿತು. ಮಕ್ಕಳ ಮುಖ ಆ ಪರದೆಯ ಬೆಳಕಿನಲ್ಲಿ ನೋಡಬೇಕಿತ್ತು.

ಒಂದು ತಿಂಗಳು ಕಳೆಯುವುದರೊಳಗೆ ಬೆಳ್ಳಗಿದ್ದ ಕೀಬೋರ್ಡುಗಳ ಮೇಲೆ ನೀಲಿ ಹತ್ತಿತು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ಬೆರಳಿನಿಂದ ಉಜ್ಜಿ ನೋಡಿ, ಇದು ಕಂಪ್ಯೂಟರ್ ಕೋಣೆಯೋ ಬಟ್ಟೆಗೆ ಬಣ್ಣ ಹಾಕುವ ಕೊಟ್ಟಿಗೆಯೋ ಎಂದು ಮಕ್ಕಳ ಎದುರಿಗೇ ತೆಲುಗಿನಲ್ಲಿ ಕೇಳಿದರು. ಒಂದು ಮೆಮೋ ಕೊಟ್ಟರೆ ಬುದ್ಧಿ ಬರುತ್ತದೆ ನಿಮಗೆ ಎಂದರು. ಕೊಡಲಿಲ್ಲ, ಅಂದು ಹೋದರು ಅಷ್ಟೆ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಅವರ ಮೇಲೆ ಬಂದ ಸಿಟ್ಟನ್ನು ಅವರ ಮೇಲೆ ತೀರಿಸುವ ಹಾಗಿರಲಿಲ್ಲ. ಮಕ್ಕಳು ಇದ್ದರು.

ಮಾರನೆಯ ದಿನದಿಂದ ಕೋಣೆಯ ಬಾಗಿಲಲ್ಲಿ ನಾನು ನಿಂತೆ. "ಕೈ ತೋರಿಸಿ ಒಳಗೆ ಬನ್ನಿ" ಅಂದೆ. ಕೈ ಬೆಳ್ಳಗಿದ್ದವರು ಕುರ್ಚಿಯಲ್ಲಿ ಕೂರುವುದು. ನೀಲಿ ಇದ್ದವರು ಹಿಂದೆ ನಿಂತು ನೋಡುವುದು. ಮುಟ್ಟುವ ಹಾಗಿಲ್ಲ.

ಯಾರ ಕೈ ಬೆಳ್ಳಗಿರುತ್ತಿತ್ತು ಎಂದು ಕೇಳಬೇಕಾಗಿಲ್ಲ. ಅಂಗಡಿಯವರ ಮಕ್ಕಳದು, ನೌಕರರ ಮಕ್ಕಳದು, ಮನೆಯಲ್ಲಿ ದಾರ ಕತ್ತರಿಸುವ ಗತಿ ಬಾರದವರದು. ಇದು ಆಗ ನನಗೆ ಹೊಳೆಯಲಿಲ್ಲ ಎಂದು ಬರೆದರೆ ಓದುವವರು ನಂಬಬಹುದು, ನಾನು ನಂಬಲಾರೆ. ಹೊಳೆದಿತ್ತು. ನೋಡಿಕೊಂಡೇ ಕಲಿಯುತ್ತಾರೆ ಬಿಡು, ಮಷಿನ್ ಮೊದಲು ನೆಟ್ಟಗಿರಲಿ ಎಂದುಕೊಂಡೆ.

ನೋಡಿಕೊಂಡೇ ಕಲಿತವಳು ಒಬ್ಬಳಿದ್ದಳು. ಗುಮ್ಮಘಟ್ಟದ ಕಡೆಯ ಹಳ್ಳಿಯಿಂದ ಒಂಬತ್ತನೇ ತರಗತಿಗೆ ಬಂದು ಸೇರಿದ ಹುಡುಗಿ. ಅವಳ ಅಪ್ಪ ಆಗಲೇ ಬೆಂಗಳೂರಿನ ಫ್ಯಾಕ್ಟರಿಯೊಂದರಲ್ಲಿ ಇಸ್ತ್ರಿ ಮಾಡುವ ಕೆಲಸಕ್ಕೆ ಹೋಗಿದ್ದ. ತಾಯಿ ಇಲ್ಲಿ ಒಂದು ಕೋಣೆಯಲ್ಲಿ ಕೂತು ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು. ತಾಯಿ ಹೊಲಿದದ್ದಕ್ಕೆಲ್ಲ ದಾರ ಕತ್ತರಿಸುವವಳು ಇವಳೇ. ಆ ಶಾಲೆಯಲ್ಲಿ ಎಲ್ಲರಿಗಿಂತ ನೀಲಿ ಕೈ ಅವಳದು. ಉಗುರಿನ ಸಂದಿಯಿಂದ ಮಣಿಕಟ್ಟಿನವರೆಗೆ ಹತ್ತಿರುತ್ತಿತ್ತು.

ಅವಳು ಕಿರಾಣಿ ಅಂಗಡಿಯವರ ಮಗಳ ಕುರ್ಚಿಯ ಹಿಂದೆ ನಿಲ್ಲುತ್ತಿದ್ದಳು. ನಾನು ಒಂದು ಸಲ ಹೇಳಿದ್ದು ಸಾಕು, ಅವಳಿಗೆ ಬಂದುಬಿಡುತ್ತಿತ್ತು. ಅಂಗಡಿಯವರ ಮಗಳು ಕಕ್ಕಾಬಿಕ್ಕಿಯಾಗಿ ಕೂತರೆ ಇವಳು ಬಗ್ಗಿ ಮೆಲ್ಲಗೆ ಹೇಳುತ್ತಿದ್ದಳು. "ಅದಲ್ಲ, ಅದರ ಬಾಜೂದು. ಈಗ ಬಾಣ ಮ್ಯಾಲಕ್ಕ ಒಯ್ಯಿ. ಹಾಂ, ಒತ್ತು." ಇವಳು ಹೇಳಿದ ಹಾಗೆ ಅವಳು ಒತ್ತುವುದು, ಪರದೆಯ ಮೇಲೆ ಗೆರೆ ಎಳೆದ ಪಟ್ಟಿ ಚಂದವಾಗಿ ಮೂಡುವುದು. ತರಗತಿಯವರು ತಮಾಷೆ ಮಾಡುತ್ತಿದ್ದರು.

"ಸರ, ಈಕಿ ಬಾಯಿ ಅಂತ್ರಿ, ಆಕಿ ಕೈ ಅಂತ್ರಿ. ಇಬ್ರು ಸೇರಿ ಒಬ್ರು."

ನಾನೂ ನಕ್ಕಿದ್ದೆ. ಇಬ್ಬರಿಗೂ ಸೇರಿಸಿ ಒಂದೇ ನಂಬರು ಕೊಡುತ್ತೇನೆ ಎಂದೂ ಅಂದಿದ್ದೆ.

ಒಂದು ದಿನ ಎಲ್ಲರೂ ಹೊರಗೆ ಹೋದ ಮೇಲೆ ಅವಳು ಬಾಗಿಲ ಹತ್ತಿರ ನಿಂತಳು. ಕೈಯಲ್ಲಿ ಎರಡು ಪ್ಲಾಸ್ಟಿಕ್ ಕವರು. "ಸರ, ಇವನ್ನ ಕೈಗೆ ಹಾಕ್ಕೊಂಡು ಒಂದ್ಸಲ ನಾನೂ ಒತ್ತಲೇನ್ರಿ?" ಅಂದಳು. ಬೀಗ ಹಾಕುವ ಅವಸರದಲ್ಲಿದ್ದೆ. ಮುಂದಿನ ವಾರ ನೋಡೋಣ ಅಂದೆ. ಮುಂದಿನ ವಾರ ಅವಳು ಕೇಳಲಿಲ್ಲ, ನಾನು ಜ್ಞಾಪಿಸಿಕೊಳ್ಳಲಿಲ್ಲ. ಜೇಬಿನ ಅಳತೆಗೆ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ರಟ್ಟು ಇರುತ್ತದಲ್ಲ, ಅಂಥ ರಟ್ಟಿನ ಮೇಲೆ ಅವಳು ಕೀಬೋರ್ಡಿನ ಮನೆಗಳನ್ನೆಲ್ಲ ಬರೆದುಕೊಂಡು ಬೆರಳು ಆಡಿಸಿ ಕಲಿಯುತ್ತಿದ್ದಾಳೆ ಎಂದು ಅಂಗಡಿಯವರ ಮಗಳೇ ನನಗೆ ಹೇಳಿದಳು. ನಾನು ಭೇಷ್ ಅಂದೆ. ಭೇಷ್ ಅನ್ನುವುದಕ್ಕೆ ಖರ್ಚೇನು.

ಹೀಗೆ ಎರಡು ವರ್ಷ. ಹತ್ತನೇ ತರಗತಿಯ ಪರೀಕ್ಷೆ ಮುಗಿದ ವಾರ ಊರಿನ ಗಾರ್ಮೆಂಟ್ಸ್ ಸಾವ್ಕಾರರೊಬ್ಬರು ಶಾಲೆಗೆ ಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಇಸ್ತ್ರಿಯ ಗೆರೆ ಕೆಟ್ಟಿರಲಿಲ್ಲ. ಅವರ ಆಫೀಸಿನಲ್ಲಿ ಕಂಪ್ಯೂಟರ್ ಮೇಲೆ ಕೂರುತ್ತಿದ್ದವನು ಕೆಲಸ ಬಿಟ್ಟು ಹೋಗಿದ್ದ. ಯಾವ ಮನೆಗೆ ಎಷ್ಟು ಬಟ್ಟೆ ಹೋಯಿತು, ಯಾವ ಅಳತೆಯ ಪ್ಯಾಂಟು ಎಷ್ಟು ಬಂತು, ಎಲ್ಲವನ್ನೂ ಪಟ್ಟಿ ಮಾಡಿ ಚೀಟಿ ತೆಗೆಯುವವರು ಬೇಕಾಗಿತ್ತು.

"ಹುಡುಗ್ರು ಬ್ಯಾಡ್ರಿ ಮೇಷ್ಟ್ರೆ," ಅಂದರು. "ಕಲಿಸಿ ಕೂಡಿಸಿದ ಮ್ಯಾಲ ಬೆಂಗ್ಳೂರಿಗೆ ಹೋಗಿಬಿಡ್ತಾರ. ಊರಾಗ ಇರೋ ಹುಡುಗಿ ಕೊಡ್ರಿ. ಮುಂಜಾನೆ ಕಾಲೇಜಿಗೆ ಹೋಗ್ಲಿ, ಮಧ್ಯಾಹ್ನ ಬಂದು ಕೂಡ್ಲಿ. ಕಾಲೇಜಿನ ಖರ್ಚು ನಾ ನೋಡ್ಕಂತೀನಿ."

ಸೋಮವಾರ ನಮ್ಮ ಕೋಣೆಯಲ್ಲೇ ಇಬ್ಬರು ಮೂವರು ಹುಡುಗಿಯರನ್ನು ಕೂರಿಸಿ ನೋಡುವುದು ಎಂದು ಮಾತಾಯಿತು. ನಾನು ಮೊದಲು ಹೇಳಿ ಕಳಿಸಿದ್ದು ಇವಳಿಗೇ. ಅಷ್ಟರ ಮಟ್ಟಿಗೆ ನಾನು ನ್ಯಾಯವಾಗಿ ನಡೆದುಕೊಂಡೆ.

ಆ ಸಂಜೆ ಅವಳ ತಾಯಿ ಶಾಲೆಗೆ ಬಂದಳು. ಸೆರಗಿನಲ್ಲೆಲ್ಲ ಬಟ್ಟೆಯ ಜುಂಗು, ಮೆಷಿನ್ ಬಿಟ್ಟು ಹಾಗೇ ಎದ್ದು ಬಂದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ.

"ಸರ, ಆಕಿಗೆ ಆ ಕೆಲ್ಸ ಸಿಕ್ರೆ ನಾವು ಇಲ್ಲೇ ಇರ್ತೀವ್ರಿ. ಇಲ್ಲಂದ್ರೆ ಅವರಪ್ಪ ಇಬ್ರೂ ಬಂದ್ಬಿಡ್ರಿ ಅಂತ ದಿನಾ ಫೋನ್ ಮಾಡ್ತಾರ. ಅಲ್ಲಿಗೆ ಹೋದ್ರೆ ಆಕಿನೂ ನನ್ ಜೋಡಿ ಫ್ಯಾಕ್ಟ್ರಿಗೇ ಹೋಗೋದು. ಓದು ಅಲ್ಲಿಗೆ ಮುಗೀತ್ರಿ. ಆಕಿಗೆ ಓದೋ ಹುಚ್ಚು ಭಾಳ ಐತ್ರಿ ಸರ."

"ಅವಳಿಗಲ್ಲದೆ ಇನ್ಯಾರಿಗೆ ಸಿಗುತ್ತಮ್ಮ," ಅಂದೆ. ಆ ಮಾತು ನಾನು ಮನಸಾರೆ ಆಡಿದ್ದು.

ಶನಿವಾರ ಮಧ್ಯಾಹ್ನ ನಾನು ಬೇರೆ ಯಾವುದೋ ತಲೆಬಿಸಿಯಲ್ಲಿ ಗೇಟಿನ ಹತ್ತಿರ ಬರುತ್ತಿದ್ದೆ. ಏನು ತಲೆಬಿಸಿ ಎಂದು ಈಗ ನೆನಪೂ ಇಲ್ಲ. ಅವಳು ಸೋಮವಾರ ಎಷ್ಟು ಗಂಟೆಗೆ ಬರಬೇಕೆಂದು ಕೇಳಲು ಬಂದಿದ್ದಳು. ಪರೀಕ್ಷೆ ಮುಗಿದು ರಜೆ ಎಂದು ತಾಯಿ ಮಗಳು ಹೆಚ್ಚು ಕೆಲಸ ಹಿಡಿದಿದ್ದರೆಂದು ಕಾಣುತ್ತದೆ, ಅವಳ ಕೈ ಯಾವತ್ತಿಗಿಂತ ಹೆಚ್ಚು ನೀಲಿಯಾಗಿತ್ತು. ಅದನ್ನು ನೋಡಿದ ಕೂಡಲೇ ನನಗೆ ನೆತ್ತಿಗೇರಿತು. ಆ ಬಿಳಿ ಬಟ್ಟೆಯ ಸಾವ್ಕಾರರು ಕಣ್ಣ ಮುಂದೆ ಬಂದರು.

"ಸೋಮವಾರ ಈ ಕೈ ಇಟ್ಕಂಡು ಬಂದ್ಯೋ, ಬಾಗಿಲಲ್ಲೇ ವಾಪಸ್ ಕಳಿಸ್ತೀನಿ ನೋಡು. ಸಾವ್ಕಾರರ ಮುಂದೆ ನನ್ನ ಮಾನ ತೆಗೀಬೇಡ. ಏನ್ ಮಾಡ್ತೀಯೋ ಗೊತ್ತಿಲ್ಲ, ಕೈ ಬೆಳ್ಳಗಿರ್ಬೇಕು."

"ಹೂಂ ರೀ ಸರ," ಅಂದು ಹೋದಳು.

ಸೋಮವಾರ ಹತ್ತು ಗಂಟೆಗೆ ಇನ್ನೂ ಸಾವ್ಕಾರರು ಬಂದಿರಲಿಲ್ಲ. ನಾನು ಕೋಣೆಯ ಬೀಗ ತೆಗೆಯುತ್ತಿದ್ದಾಗ ಮೂಗಿಗೆ ಕಟುವಾದ ವಾಸನೆ ಬಂತು. ಕುಡಿಯುವ ನೀರಿನ ಟ್ಯಾಂಕು ತೊಳೆದಾಗ ಬರುತ್ತದಲ್ಲ, ಅದೇ. ತಿರುಗಿ ನೋಡಿದೆ. ಅವಳು ನಿಂತಿದ್ದಳು. ಎರಡೂ ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದಳು. ತಲೆ ಬಾಚಿ, ಎಣ್ಣೆ ಹಚ್ಚಿ, ಶಾಲೆಯ ಡ್ರೆಸ್ಸನ್ನೇ ಒಗೆದು ಹಾಕಿಕೊಂಡು ಬಂದಿದ್ದಳು.

"ಏನಾಯ್ತು ಕೈಗೆ?" ಅಂದೆ.

ಅವಳು ಸುತ್ತಮುತ್ತ ನೋಡಿದಳು. "ನಮ್ಮ ಮಾವ ಪ್ಯಾಂಟು ತೊಳೆಯೋ ಯೂನಿಟ್‌ನಾಗ ಕೆಲ್ಸ ಮಾಡ್ತಾನ್ರಿ. ಅಲ್ಲಿ ಬ್ಲೀಚಿಂಗ್ ನೀರಾಗ ಅದ್ದಿದ್ರೆ ಪ್ಯಾಂಟಿನ ನೀಲಿ ಎಲ್ಲಾ ಬಿಟ್ಟು ಬೆಳ್ಳಗ ಆಗ್ತಾವ್ರಿ. ಪ್ಯಾಂಟಿಂದು ಹೋಗ್ತೈತಿ, ಕೈದು ಹೋಗಲ್ಲೇನು ಅಂದ್ಕಂಡೆ ಸರ. ಅವ ಊಟಕ್ಕ ಹೋದಾಗ ಇಟ್ಟೆ. ಉರೀತಿತ್ತು, ಆದ್ರೂ ತಡ್ಕಂಡೆ."

ಒಂದು ಕೈಯ ಬಟ್ಟೆಯನ್ನು ಹಲ್ಲಿನಿಂದ ಹಿಡಿದು ಸ್ವಲ್ಪ ಬಿಚ್ಚಿದಳು.

"ನೋಡ್ರಿ ಸರ, ನೀಲಿ ಹೋಗೈತ್ರಿ."

ಹೋಗಿತ್ತು. ಬೆರಳುಗಳ ಮೇಲೆ ಚರ್ಮ ಬಿಳಿಚಿಕೊಂಡು ಎದ್ದಿತ್ತು, ಸಂದಿಗಳಲ್ಲಿ ಕೆಂಪಗೆ ಒಡೆದಿತ್ತು. ಬೆರಳು ಮಡಿಸಲು ಬರುತ್ತಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಭೇಷ್ ಅನ್ನುತ್ತೇನೆಂದು ಕಾದಿದ್ದಳೋ ಏನೋ.

ಆ ಕ್ಷಣಕ್ಕೆ ನನಗೆ ಬಂದದ್ದು ಮರುಕ ಎಂದು ಬರೆಯಲು ಆಸೆಯಿದೆ. ನಿಜವಾಗಿ ಮೊದಲು ಬಂದದ್ದು ಭಯ. ಮೇಷ್ಟ್ರ ಮಾತು ಕೇಳಿ ಹುಡುಗಿ ಕೈ ಸುಟ್ಟುಕೊಂಡಳು ಎಂದು ಊರಲ್ಲಿ ಗೊತ್ತಾದರೆ ಏನು ಗತಿ. ವಿಚಾರಣೆ, ಪೇಪರಿನವರು, ತಾಯಿಯ ಕಡೆಯ ಜನ. ಆಸ್ಪತ್ರೆಗೆ ಹೋಗು ಎಂದು ನನ್ನ ಬಾಯಿಂದ ಬಂತು, ಆದರೆ ಎರಡನೇ ಮಾತಾಗಿ ಬಂತು. ಮೊದಲ ಮಾತು ಬೇರೆ ಇತ್ತು.

"ಯಾರಾದ್ರೂ ಕೇಳಿದ್ರೆ ಏನಂತೀಯ?"

ಚುರುಕಿನ ಹುಡುಗಿ. ನನ್ನ ಮುಖ ನೋಡಿದವಳಿಗೆ ಅರ್ಥವಾಗಿಹೋಯಿತು.

"ಬಿಸಿನೀರು ಬಿತ್ತು ಅಂತೀನ್ರಿ," ಅಂದಳು.

"ಹೂಂ," ಅಂದೆ. "ಆಸ್ಪತ್ರೆಗೆ ಹೋಗು."

"ಇದು ಮುಗಿಸ್ಕಂಡು ಹೋಗ್ತೀನ್ರಿ ಸರ."

ಅಷ್ಟರಲ್ಲಿ ಸಾವ್ಕಾರರು ಬಂದರು. ಅಂಗಡಿಯವರ ಮಗಳೂ ಇನ್ನೊಬ್ಬಳೂ ಬಂದಿದ್ದರು. ಸಾವ್ಕಾರರು ತಮ್ಮ ಆಫೀಸಿನ ಒಂದು ಚೀಟಿ ಕೊಟ್ಟು ಇದೇ ತರಹ ಮಾಡಿ ತೋರಿಸಿರಿ ಎಂದರು. ಹೇಗೆ ಎಂದು ತೋರಿಸಲು ಅವರೇ ಬಗ್ಗಿ ಮೌಸ್ ಹಿಡಿದರು. ಆಗ ನಾನು ಅವರ ಕೈ ನೋಡಿದೆ. ಬಿಳಿ ತೋಳಿನ ತುದಿಯಲ್ಲಿ ಹಳೆಯ ನೀಲಿ, ಉಗುರಿನ ಬುಡದಲ್ಲೆಲ್ಲ ಕೂತುಬಿಟ್ಟ ನೀಲಿ. ಅದು ಇನ್ನು ಈ ಜನ್ಮದಲ್ಲಿ ಹೋಗುವುದಲ್ಲ.

ನಾನು ನೋಡಿದ್ದನ್ನು ಅವರು ಕಂಡರು. ನಕ್ಕರು.

"ಮೊದ್ಲು ಕಟಿಂಗ್ ಮಾಸ್ಟರ್ ಇದ್ದೆ ನಾನು. ನಮ್ಮ ಆಫೀಸಿನ ಕೀಬೋರ್ಡ್ ನೀವು ನೋಡ್ಬೇಕ್ರಿ ಮೇಷ್ಟ್ರೆ, ಬಿಳೇದು ತಂದಿದ್ದು, ಈಗ ನಮ್ಮ ಪ್ಯಾಂಟಿನ ಬಣ್ಣಾನೇ ಆಗೈತಿ. ಈ ಊರಾಗ ಕೈ ಬೆಳ್ಳಗಿರೋರು ಯಾರದಾರ ಹೇಳ್ರಿ."

ಆ ಹುಡುಗಿ ಅಲ್ಲೇ ನಿಂತು ಅದನ್ನು ಕೇಳಿಸಿಕೊಂಡಳು. ಅವಳ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ.

ಅವಳೂ ಕೂತು ನೋಡಿದಳು. ಬಟ್ಟೆ ಸುತ್ತಿದ ಬೆರಳಿಗೆ ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ಬಟ್ಟೆ ಬಿಚ್ಚಿ ಒತ್ತಲು ಹೋದಳು, ತುಟಿ ಕಚ್ಚಿಕೊಂಡಳು, ಕಣ್ಣಲ್ಲಿ ನೀರು ಬಂತು. ಎರಡು ವರ್ಷದಲ್ಲಿ ಅವಳು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ತಾನಾಗಿ ಎದ್ದು ಹಿಂದಕ್ಕೆ ಹೋಗಿ ನಿಂತಳು. ಅಂಗಡಿಯವರ ಮಗಳು ಕೂತಳು. ಚೀಟಿಯ ಅರ್ಧಕ್ಕೆ ಬಂದು ಎಂದಿನಂತೆ ಕಕ್ಕಾಬಿಕ್ಕಿಯಾದಳು. ಆಗ ಹಿಂದಿನಿಂದ ಮೆಲ್ಲಗೆ ಆ ದನಿ ಬಂತು. "ಅದಲ್ಲ, ಬಾಜೂದು. ಈಗ ಕೆಳಗ ಎಳಿ. ಹಾಂ, ಸಾಕು." ಅಭ್ಯಾಸ. ತನಗೆ ಬರಬೇಕಾದ ಕೆಲಸವನ್ನು ಇನ್ನೊಬ್ಬಳ ಕೈಗೆ ಹಾಕುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ತಪ್ಪು ಗುಂಡಿ ಒತ್ತುವುದನ್ನು ನೋಡಿಕೊಂಡು ಸುಮ್ಮನಿರಲು ಅವಳ ಕೈಲಾಗುತ್ತಿರಲಿಲ್ಲ.

ಸಾವ್ಕಾರರು ದಡ್ಡರಲ್ಲ. ನನ್ನನ್ನು ಬಾಗಿಲ ಹತ್ತಿರ ಕರೆದರು.

"ಕೆಲ್ಸ ಬರೋದು ಹಿಂದ ನಿಂತಾಕಿಗೆ ಅಲ್ರಿ? ಕೈಗೆ ಏನಾಗೈತಿ?"

"ಬಿಸಿನೀರು ಬಿತ್ತಂತೆ," ಅಂದೆ.

"ಎರಡೂ ಕೈಗೂ?"

ನಾನು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ.

"ಎಷ್ಟು ದಿನ ಬೇಕು ಆರಾಕ? ಎಂಟು ದಿನ, ಹದಿನೈದು ದಿನ ಆದ್ರೆ ಕಾಯ್ತೀನ್ರಿ ನಾನು. ನೀವು ಜವಾಬ್ದಾರಿ ತಗಂತೀರೇನು? ಕೈ ವಾಸಿ ಮಾಡ್ಸಿ ನೀವೇ ಕರ್ಕಂಡು ಬರ್ರಿ, ಕೂಡಿಸ್ಕಂತೀನಿ."

ಇಷ್ಟು ಸಲೀಸಾಗಿತ್ತು. ಹೂಂ ಅಂದಿದ್ದರೆ ಸಾಕಿತ್ತು. ಹೂಂ ಅಂದಿದ್ದರೆ ನಾನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು, ಡಾಕ್ಟರು ಇದು ಬಿಸಿನೀರಲ್ಲ ಅನ್ನುತ್ತಿದ್ದರು, ಯಾಕೆ ಹೀಗಾಯಿತು ಎಂದು ಕೇಳುತ್ತಿದ್ದರು, ಅವಳು ನನ್ನ ಮುಖ ನೋಡುತ್ತಿದ್ದಳು. ಇದೆಲ್ಲ ನನ್ನ ತಲೆಯಲ್ಲಿ ಒಂದು ಗಳಿಗೆಯಲ್ಲಿ ಓಡಿತು. ನಾನು ನಗುತ್ತಾ, ಲೋಕದ ಮೇಷ್ಟ್ರುಗಳು ಅನ್ನುವ ಹಾಗೆ ಅಂದೆ.

"ಈ ಹುಡುಗರ ಜವಾಬ್ದಾರಿ ಯಾರು ತಗೊಳ್ಳೋಕಾಗುತ್ತೆ ಬಿಡಿ. ಇವತ್ತು ಇಲ್ಲಿರ್ತಾರೆ, ನಾಳೆ ಬೆಂಗಳೂರು."

ಸಾವ್ಕಾರರು ಒಂದು ಸಲ ಆ ಕಡೆ ನೋಡಿದರು. "ಅದೂ ಖರೇನ ಬಿಡ್ರಿ," ಅಂದರು. ಅಂಗಡಿಯವರ ಮಗಳಿಗೆ ಗುರುವಾರದಿಂದ ಬಾರವ್ವ ಎಂದು ಹೇಳಿ ಹೋದರು.

ಅಂಗಡಿಯವರ ಮಗಳ ತಪ್ಪು ಇದರಲ್ಲಿ ಏನೂ ಇಲ್ಲ. ಕೆಲಸಕ್ಕೆ ಹೋದ ಮೊದಲ ತಿಂಗಳು ದಿನಾ ಸಂಜೆ ಇವಳ ಮನೆಗೆ ಹೋಗಿ ಅನುಮಾನ ಕೇಳಿಕೊಂಡು ಬರುತ್ತಿದ್ದಳಂತೆ. ಇವಳು ಹೇಳಿಕೊಡುತ್ತಿದ್ದಳಂತೆ. ಹೊಟ್ಟೆಕಿಚ್ಚು ಪಡುವುದಾದರೂ ಕಲಿಯಬೇಕಿತ್ತು ಆ ಹುಡುಗಿ.

ಮುಂದಿನ ವರ್ಷ ಶಾಲೆ ಶುರುವಾದಾಗ ನಾನು ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟೆ. ಎಲ್ಲರೂ ಕೂತರು, ಎಲ್ಲರೂ ಒತ್ತಿದರು. ದೀಪಾವಳಿಯ ಹೊತ್ತಿಗೆ ಹನ್ನೊಂದು ಕೀಬೋರ್ಡುಗಳೂ ನೀಲಿಯಾದವು. ನೀಲಿಯಾದದ್ದಕ್ಕೆ ಒಂದೂ ಕೆಡಲಿಲ್ಲ. ತಪಾಸಣೆಗೆ ಬಂದವರು ಬೈದರು, ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ, ಚಹಾ ಕುಡಿದು ಹೋದರು. ಮೆಮೋ ಬರಲಿಲ್ಲ. ಯಾವುದಕ್ಕೆ ಹೆದರಿ ಎರಡು ವರ್ಷ ಅರ್ಧ ಶಾಲೆಯ ಮಕ್ಕಳನ್ನು ನಿಲ್ಲಿಸಿದ್ದೆನೋ ಅದು ಇಷ್ಟೇ ಆಗಿತ್ತು. ಕಂಪ್ಯೂಟರುಗಳು ಹುಳುಗಳಲ್ಲ, ಮುಟ್ಟಿದರೆ ಸಾಯುವುದಿಲ್ಲ ಎಂದು ತಿಳಿಯಲು ಗಣಿತದ ಮೇಷ್ಟ್ರಿಗೆ ಅಷ್ಟು ಕಾಲ ಬೇಕಾಯಿತು. ಆಮೇಲೆ ಮಡಕಶಿರದ ಕಡೆಗೇ ವರ್ಗ ಸಿಕ್ಕಿತು, ಅಲ್ಲೂ ಕಂಪ್ಯೂಟರ್ ಕಲಿಸಿದೆ, ಯಾರ ಕೈಯನ್ನೂ ನೋಡಲಿಲ್ಲ. ಒಳ್ಳೆ ಮೇಷ್ಟ್ರು ಎಂದೂ ಜನ ಅಂದರು. ಇದನ್ನೆಲ್ಲ ಬರೆದು ನನ್ನ ಪಾಪದಿಂದ ಪಾರಾಗುವ ದಾರಿ ಹುಡುಕುತ್ತಿದ್ದೇನೆ ಎಂದು ಯಾರಾದರೂ ಅಂದರೆ ಬೇಜಾರಿಲ್ಲ.

ಆದರೆ ಅವಳ ಪರೀಕ್ಷೆ ಮುಗಿದ ವರ್ಷದ ಜೂನ್ ತಿಂಗಳಲ್ಲಿ ನಡೆದದ್ದನ್ನು ಹೇಳದೆ ನಿಲ್ಲಿಸುವ ಹಾಗಿಲ್ಲ. ಹತ್ತನೇ ತರಗತಿಯಲ್ಲಿ ಅವಳು ಶಾಲೆಗೇ ಮೊದಲನೆಯವಳಾಗಿದ್ದಳು. ಟಿ.ಸಿ. ತೆಗೆದುಕೊಂಡು ಹೋಗಲು ತಾಯಿ ಮಗಳು ಬಂದರು. ಹೆಡ್‌ಮಾಸ್ಟರು ರಜೆಯಲ್ಲಿದ್ದರು, ಸಹಿ ಹಾಕಬೇಕಾದವನು ನಾನೇ. ವರಾಂಡದಲ್ಲಿ ಎರಡು ಚೀಲ, ಒಂದು ಬಕೆಟ್ಟು, ಸುತ್ತಿ ಕಟ್ಟಿದ ಚಾಪೆ. ಮಧ್ಯಾಹ್ನದ ಬೆಂಗಳೂರು ಬಸ್ಸಿಗೆ ಹೊರಟಿದ್ದರು. ಟಿ.ಸಿ. ಯಾತಕ್ಕಮ್ಮ, ಅಲ್ಲಿ ಕಾಲೇಜಿಗೆ ಸೇರಿಸ್ತೀರಾ ಎಂದು ಕೇಳಿದೆ. ಫ್ಯಾಕ್ಟರಿಯಲ್ಲಿ ವಯಸ್ಸಿಗೆ ಏನಾದರೂ ಕಾಗದ ಕೇಳುತ್ತಾರಂತೆ, ಅದಕ್ಕೆ ಎಂದಳು ತಾಯಿ.

ಹುಡುಗಿ ರಿಜಿಸ್ಟರಿನಲ್ಲಿ ಸಹಿ ಮಾಡಿದಳು. ಬೆರಳುಗಳಲ್ಲಿ ಹೊಸ ಚರ್ಮ ಬಂದಿತ್ತು, ತೆಳ್ಳಗೆ, ಗುಲಾಬಿ ಬಣ್ಣಕ್ಕೆ. ಪೆನ್ನು ಹಿಡಿಯುವುದು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ನಾನು ಕಾಗದ ಮಡಿಸಿ ಕೊಟ್ಟೆ. ತಾಯಿ ಅದನ್ನು ತೆಗೆದುಕೊಂಡು ಹೋಗಲಿಲ್ಲ, ನಿಂತಳು. ಕೈ ಮುಗಿದಳು.

"ಸರ, ತಪ್ಪಾತ್ರಿ. ನೀವು ಇಷ್ಟೆಲ್ಲ ಕಲಿಸಿ ಸಾವ್ಕಾರ್ರ ಮುಂದ ನಿಂದ್ರಿಸಿದ್ರಿ. ಈಕಿ ನಿಮ್ಮ ಮರ್ಯಾದಿ ಕಳದ್ಳು. ಬಿಸಿನೀರು ಅಂದ್ಳು, ವಾಸನಿ ಮ್ಯಾಲ ಗೊತ್ತಾತ್ರಿ. ಬ್ಲೀಚಿಂಗ್ ನೀರಾಗ ಕೈ ಯಾಕ ಇಟ್ಟಿ ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡವಲ್ಲಳ್ರಿ. ಸಿಟ್ಟಿಗೆ ಎರಡು ಹೊಡದೂ ನೋಡ್ದೆ. ಸಣ್ಣಾಕಿ, ಬುದ್ಧಿ ಇಲ್ರಿ. ನೀವು ಹೊಟ್ಟಿಗೆ ಹಾಕ್ಕೋರಿ."

ನಾನು ಹುಡುಗಿಯ ಕಡೆ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಗೋಡೆಯ ಮೇಲಿದ್ದ ಟೈಂಟೇಬಲ್ಲನ್ನು ಓದುತ್ತಿರುವ ಹಾಗೆ ನಿಂತಿದ್ದಳು. ಎರಡು ತಿಂಗಳಿನಿಂದ, ಹೊಡೆತ ತಿಂದೂ, ನನ್ನ ಹೆಸರು ಹೇಳದೆ ಇದ್ದಳು. ಈಗಲೂ ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. ಹೇಳಬೇಕಾದವನು ನಾನು ಎಂದೂ ಗೊತ್ತಾಯಿತು. ಬಾಯಿ ತೆರೆದೆ.

"ಇರ್ಲಿ ಬಿಡಮ್ಮ," ಅಂದೆ. "ಮಕ್ಕಳು ಅಂದ್ಮೇಲೆ ಆಗುತ್ತೆ. ನಾನೇನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ."

ತಾಯಿಯ ಮುಖ ಹಗುರವಾಯಿತು. "ಕಾಲಿಗೆ ಬೀಳವ್ವ, ಮೇಷ್ಟ್ರಿಗೆ," ಅಂದಳು. ಹುಡುಗಿ ಬಗ್ಗಿದಳು. ಎರಡೂ ಕೈ ಚಾಚಿ ನನ್ನ ಪಾದ ಮುಟ್ಟಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿರಮ್ಮ ಎಂದು ಆಶೀರ್ವಾದ ಮಾಡಿ ಕಳಿಸಿದೆ.